ಮಾಘದಲ್ಲಿ ಬಂದ ಮಿರಗ

ಶಿವರಾತ್ರಿ ಇನ್ನೂ ಮುಂದಿರುವಾಗಲೇ ತಂಗೆವ್ವನ ಹಿತ್ತಲಿನಲ್ಲಿ ಮಿರಗದ ಹುಳು ಕಾಣಿಸಿಕೊಂಡಿತು.

ನುಗ್ಗೆಗಿಡದ ಬುಡದಲ್ಲಿ, ಬಿರಿದ ಕೆಂಪು ಮಸಾರಿ ಮಣ್ಣಿನ ಮೇಲೆ, ಒಂದು ಚಿಟಿಕೆ ಕುಂಕುಮಕ್ಕೆ ಕಾಲು ಮೂಡಿದಂತೆ ಅದು ತನ್ನಷ್ಟಕ್ಕೆ ನಡೆದಿತ್ತು. ಎಂಬತ್ತು ದಾಟಿದ ತಂಗೆವ್ವ ಮೊಣಕಾಲು ಹಿಡಿದುಕೊಂಡು ಬಗ್ಗಿ ಅಂಗೈ ಚಾಚಿದಳು. ಹುಳು ಅಂಗೈ ಏರಿತು. ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರೆ ಥೇಟ್ ಮಖಮಲ್ಲು. ಸವರಿದ ಕೂಡಲೇ ಕಾಲು ಮಡಚಿಕೊಂಡು ಅಂಗಿಯ ಗುಂಡಿಯ ಹಾಗೆ ಸುಮ್ಮನಾಯಿತು.

“ಗೌರಾ, ಇಂಗು-ಬೆಲ್ಲದ ಉಂಡಿ ಕಟ್ಟವಾ,” ಎಂದು ಆಕೆ ಅಡುಗೆಮನೆಯ ಕಿಟಕಿಗೆ ಕೂಗಿದಳು. “ಮಿರಗ ಕೂಡಿತು!”

ನವಿಲಹಾಳದ ಸೀಮೆಯವರಿಗೆ ಮಳೆ ಎಂದರೆ ಒಂದೇ ಮಳೆಯಲ್ಲ. ರೋಹಿಣಿಯದೊಂದು, ಮೃಗಶಿರದ್ದೊಂದು, ಆರಿದ್ರೆಯದೊಂದು. ಒಂದೊಂದು ನಕ್ಷತ್ರಕ್ಕೂ ಒಂದೊಂದು ಮಳೆ, ಒಂದೊಂದು ಗುಣ. ಮೃಗಶಿರವನ್ನೇ ಅವರು ಮಿರಗ ಅನ್ನುವುದು. ಅದು ಬರುವುದು ಜೂನ್ ತಿಂಗಳಲ್ಲಿ. ಮೊದಲ ಹನಿ ನೆಲಕ್ಕೆ ಬಿದ್ದ ಮರುಬೆಳಗು ಈ ಕೆಂಪು ಹುಳು ಮಣ್ಣಿನಿಂದ ಎದ್ದು ಬರುತ್ತದೆ. ವರ್ಷದ ಉಳಿದ ದಿನವೆಲ್ಲ ಅದರ ಮುಖ ಯಾರಿಗೂ ಕಾಣದು. ಹುಳು ಕಂಡ ದಿನ ತಂಗೆವ್ವನ ಮನೆಯಲ್ಲಿ ಎಲ್ಲರೂ ಇಂಗು ಬೆರೆಸಿದ ಬೆಲ್ಲದ ಉಂಡೆ ನುಂಗಬೇಕು, ಮಳೆಗಾಲದ ಥಂಡಿ ಹತ್ತಬಾರದೆಂದು. ಕ್ಯಾಲೆಂಡರು ತಪ್ಪೀತು, ಪಂಚಾಂಗ ತಪ್ಪೀತು, ಹುಳು ತಪ್ಪುವುದಿಲ್ಲ ಎಂದು ನಂಬಿ ಆಕೆ ಇಷ್ಟು ವರ್ಷ ಬದುಕಿದ್ದಳು.

ಸೊಸೆ ಗೌರಾ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಹೊರಗೆ ಇಣುಕಿದಳು. “ಅತ್ತಿ, ಇದು ಮಾಘ ಮಾಸರಿ. ಮಿರಗ ಎಲ್ಲಿಂದ ಬರಬೇಕು?”

“ಎಲ್ಲಿಂದ ಬರತೈತಿ? ನೆಲದಾಗಿಂದ ಬಂತು. ಬಂದು ನೋಡು.”

ಮಗ ವಿರೂಪಾಕ್ಷಪ್ಪ ಹಲ್ಲುಜ್ಜುತ್ತ ಬಂದ. “ಯವ್ವಾ, ಮೋಡಿಲ್ಲ, ಮಳಿಲ್ಲ. ದಾಸಾಳ ಹೂವಿನ ಎಸಳು ನೋಡಿರಬೇಕು ನೀ,” ಎಂದು ನಕ್ಕ. ಇಬ್ಬರೂ ಹತ್ತಿರ ಬರುವಷ್ಟರಲ್ಲಿ ತಂಗೆವ್ವನ ಅಂಗೈ ಬರಿದಾಗಿತ್ತು. ಹುಳು ಎಲ್ಲಿಯೋ ಜಾರಿ ಮಣ್ಣಿನ ಬಿರುಕಿನೊಳಗೆ ಇಳಿದಿತ್ತು. ಕೆಂಪು ಮಣ್ಣಿನಲ್ಲಿ ಕೆಂಪು ಹುಳುವನ್ನು ಯಾರು ಹುಡುಕಬೇಕು? ಮುದುಕಿ ತನ್ನ ಕೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡಳು.

ಅದು ಚಾಲಕನಿಲ್ಲದ ಬಸ್ಸುಗಳು ಸಂತೆಗೆ ಓಡಾಡುತ್ತಿದ್ದ ಕಾಲ. ನವಿಲಹಾಳದ ಅಂಚಿನಲ್ಲಿ ಹುತ್ತಗಳನ್ನು ಸಾಲಾಗಿ ಕೆಡವಿ ಕಟ್ಟಿದ್ದ ಶಿಕ್ಷಕರ ಕಾಲನಿಗೆ ಮಾತ್ರ ಹಳೆಯ ಕಾಟ ತಪ್ಪಿರಲಿಲ್ಲ. ಗೆದ್ದಲು ಬಾಗಿಲು ತಿನ್ನುತ್ತಿತ್ತು, ಕಪಾಟು ತಿನ್ನುತ್ತಿತ್ತು, ಮದುವೆಯ ಫೋಟೋದ ಹಿಂದಿನ ರಟ್ಟನ್ನೂ ಬಿಡುತ್ತಿರಲಿಲ್ಲ. ಕಾಲನಿ ಸಂಘದ ಕಾರ್ಯದರ್ಶಿಯಾದ ವಿರೂಪಾಕ್ಷಪ್ಪ ಸಂಕ್ರಾಂತಿಯ ಹೊತ್ತಿಗೆ ‘ನೆಲರಕ್ಷೆ’ ಎಂಬ ಕಂಪನಿಯನ್ನು ಕರೆತಂದ. ಅವರು ಪ್ರತಿ ಹಿತ್ತಲಿನಲ್ಲೂ ತೋಳುದ್ದದ ಒಂದು ಉಕ್ಕಿನ ಗೂಟ ಇಳಿಸಿ ಹೋದರು. ವಿಷವಿಲ್ಲ, ವಾಸನೆಯಿಲ್ಲ, ಗೆದ್ದಲು ತಾನಾಗಿ ಹೋಗುತ್ತದೆ ಎಂದರು. ಹೇಗೆ ಎಂದು ಯಾರೂ ಕೇಳಲಿಲ್ಲ. ಬಾಗಿಲು ಉಳಿದರೆ ಸಾಕಾಗಿತ್ತು.

ಗೂಟ ಇಳಿದ ಮೇಲೆ ಹಿತ್ತಲಿನಲ್ಲಿ ಒಂದೊಂದೇ ವಿಚಿತ್ರ ಕಾಣತೊಡಗಿತು. ಕಂಡದ್ದೆಲ್ಲ ಎಲ್ಲರಿಗಿಂತ ಮೊದಲು ಏಳುವ ತಂಗೆವ್ವನಿಗೇ. ಬಚ್ಚಲ ಹಿಂದೆ ರಾಶಿ ರಾಶಿ ಉದುರಿದ ರೆಕ್ಕೆ. ಎರೆಹುಳುಗಳು ಹೊರಬಂದು ದಾರದ ತುಂಡಿನಂತೆ ಒಣಗಿ ಬಿದ್ದದ್ದು. ಮೈನಾಗಳ ಹಿಂಡು, ಕಬ್ಬಕ್ಕಿಗಳ ಜಗಳ. ವಿರೂಪಾಕ್ಷಪ್ಪ ಏಳುವ ಹೊತ್ತಿಗೆ ಹಕ್ಕಿಗಳು ಎಲ್ಲವನ್ನೂ ಬಳಿದು ತಿಂದು ಅಂಗಳ ಚೊಕ್ಕಟ ಮಾಡಿರುತ್ತಿದ್ದವು.

ನೆಲ ಜೂನ್ ಎಂದರೆ ಜೂನ್. ತಂಗೆವ್ವ ಅದರಂತೆ ನಡೆದಳು. ಬಿಸಿಲಿಗೆ ಹಾಕಿದ್ದ ಕೌದಿ ಒಳಗೆ ತಂದಳು. ಮಾಳಿಗೆಯ ಮೇಲಿದ್ದ ಮೆಣಸಿನಕಾಯಿ ಬಳಿದು ಡಬ್ಬಿಗೆ ತುಂಬಿದಳು. ಹೀರೆಯ ಬೀಜ ನೆನೆಹಾಕಿ ಬೇಲಿಯ ಗುಂಟ ಊರಿದಳು. ಒಂದು ದಿನ ಬೀಜದ ಅಂಗಡಿಗೆ ಒಬ್ಬಳೇ ಹೋಗಿ, “ಬಿತ್ತೂದು ಇನ್ನೂ ಯಾಕ ಸುರು ಆಗಿಲ್ಲ?” ಎಂದು ಅಲ್ಲಿದ್ದವರನ್ನು ಕೇಳಿದಳಂತೆ. ಪಕ್ಕದ ಮನೆಯ ನಸೀಮಾ ಅಲ್ಲೇ ಇದ್ದವಳು, ನಕ್ಕವರ ಕಡೆ ನೋಡದೆ, “ಅಜ್ಜಿ, ನನಗ ಒಬ್ಬಾಕಿನ ನಡಿಯಾಕ ಬ್ಯಾಸರ. ಮನೀತನಕ ಜೋಡಿಯಾಗಿ ಬರ್ರಿ,” ಎಂದು ಕೈ ಹಿಡಿದು ಕರೆತಂದಳು.

ಅವತ್ತು ಊಟಕ್ಕೆ ಕೂತಾಗ ತಂಗೆವ್ವ ಎತ್ತಿದ ತುತ್ತನ್ನು ತಟ್ಟೆಗೆ ಮರಳಿ ಇಟ್ಟಳು.

“ಗೌರಾ, ಯುಗಾದಿ ಯಾವಾಗ ಆತು?”

“ಇನ್ನೂ ಆಗಿಲ್ಲರಿ ಅತ್ತಿ.”

“ಆಗಿರಬೇಕು. ಮಿರಗ ಬಂದೈತಿ ಅಂದ್ರ ಯುಗಾದಿ ಆಗಿರಾಕ ಬೇಕು. ನನಗ ಬೇವು-ಬೆಲ್ಲ ಕೊಟ್ಟಿದ್ರೋ ಇಲ್ಲೋ?” ಆಕೆಯ ದನಿ ಸಣ್ಣಗಾಯಿತು. “ಕೊಟ್ಟಿರತೀರಿ. ನನಗ ನೆನಪ ಉಳಿದಿಲ್ಲ.”

ಗೌರಾಳಿಗೆ ಆಗ ಅರ್ಥವಾಯಿತು. ಮುದುಕಿ ಹುಳುವನ್ನು ಸಂಶಯಿಸಿರಲಿಲ್ಲ. ತನ್ನನ್ನೇ ಸಂಶಯಿಸಿಕೊಂಡಿದ್ದಳು. ನಾಲ್ಕು ತಿಂಗಳು ತನ್ನ ತಲೆಯಿಂದ ಜಾರಿಹೋಗಿವೆ ಎಂದು ಒಪ್ಪಿಕೊಂಡಿದ್ದಳು.

ವಿರೂಪಾಕ್ಷಪ್ಪ ತಾಯಿಯನ್ನು ನರರೋಗದ ಡಾಕ್ಟರ ಬಳಿಗೆ ಕರೆದೊಯ್ದ. ಡಾಕ್ಟರು, “ಅಜ್ಜಿ, ಇದು ಯಾವ ತಿಂಗಳು?” ಎಂದು ಕೇಳಿದರು.

“ಕ್ಯಾಲೆಂಡರ್ ಪ್ರಕಾರ ಕೇಳತೀಯೋ ತಮ್ಮಾ, ನೆಲದ ಪ್ರಕಾರ ಕೇಳತೀಯೋ?”

ಡಾಕ್ಟರು ತಲೆಯಾಡಿಸಿ ಗುಳಿಗೆ ಬರೆದುಕೊಟ್ಟರು. ಆ ಗುಳಿಗೆ ನುಂಗಿದರೆ ಆಕೆ ಮಧ್ಯಾಹ್ನದವರೆಗೆ ತೂಕಡಿಸುತ್ತಿದ್ದಳು. ವಿರೂಪಾಕ್ಷಪ್ಪ ಕೆಟ್ಟವನಲ್ಲ. ಗಂಟಲಿಗೆ ಸಿಕ್ಕಿಕೊಳ್ಳಬಾರದೆಂದು ಗುಳಿಗೆಯನ್ನು ತಾನೇ ಅರ್ಧ ಮಾಡಿ, ಬಾಳೆಹಣ್ಣಿನಲ್ಲಿಟ್ಟು ಕೊಡುತ್ತಿದ್ದ. ಆದರೆ ಗೇಟಿಗೆ ಬೀಗ ಹಾಕತೊಡಗಿದ. ದಿನಾ ಸಂಜೆ ತಂಗೆವ್ವ ಸೊಸೆಯನ್ನು ಬಳಿಗೆ ಕರೆದು ತನ್ನನ್ನು ತಾನೇ ಪರೀಕ್ಷೆಗೊಡ್ಡಿಕೊಳ್ಳುವಳು. “ಮುಂಜಾನೆ ಉಪ್ಪಿಟ್ಟು ತಿಂದೆ. ಹೌದಲ್ಲೊ? ಮಧ್ಯಾಹ್ನ ಬದನಿಕಾಯಿ ಪಲ್ಯೆ. ಹೌದಲ್ಲೊ?” ಹೌದು ಅಂದರೂ ಆಕೆಗೆ ಸಮಾಧಾನವಿರಲಿಲ್ಲ. ಸೊಸೆ ಮನಸ್ಸು ನೋಯಿಸಬಾರದೆಂದು ಹೂಂಗುಟ್ಟುತ್ತಿದ್ದಾಳೆ ಎಂದುಕೊಳ್ಳುತ್ತಿದ್ದಳು.

ಗೌರಾ ತನ್ನ ಕಣ್ಣಿನಿಂದ ಕಂಡದ್ದು ಒಂದು ಸಂಜೆ, ಒಣಗಿದ ಬಟ್ಟೆ ತೆಗೆಯುವಾಗ. ತುಳಸಿಕಟ್ಟೆಯ ಸಂದಿನಿಂದ ರೆಕ್ಕೆ ಮೂಡಿದ ಗೆದ್ದಲು ಹೊಗೆಯೆದ್ದಂತೆ ಎದ್ದವು. ಗಾಳಿ ಬಿಸಿಯಾಗಿತ್ತು, ಆಕಾಶದಲ್ಲಿ ಹತ್ತಿಯೆಳೆಯಷ್ಟೂ ಮೋಡವಿಲ್ಲ. ನುಗ್ಗೆಯ ಬುಡ ಬಿರಿದು ಅಲ್ಲಿಂದ ಒಂದು ನೆಲಗಪ್ಪೆ ಮೈತುಂಬ ಧೂಳು ಹೊತ್ತು ಹೊರಬಂದಿತು. ಅದು ಹುಳು ತಿನ್ನಲಿಲ್ಲ. ಕುಪ್ಪಳಿಸುತ್ತ ಬಟ್ಟೆ ಒಗೆಯುವ ಕಲ್ಲಿಗೆ ಹೋಗಿ ಹೊಟ್ಟೆಯನ್ನು ಕಲ್ಲಿಗೆ ಒತ್ತಿಕೊಂಡು ಕೂತಿತು. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯ ಚರ್ಮದಿಂದ ಹೀರುತ್ತದೆ. ಕಲ್ಲು ಕಾದ ಹೆಂಚಿನಂತಿತ್ತು. ಕಪ್ಪೆ ಒಂದು ಮೂಲೆ ಬಿಟ್ಟು ಇನ್ನೊಂದು ಮೂಲೆಗೆ ಒತ್ತಿಕೊಳ್ಳುತ್ತಲೇ ಇತ್ತು.

ಅವಳು ತಂಬಿಗೆ ನೀರು ತಂದು ಕಲ್ಲಿನ ಮೇಲೆ ಸುರಿದಳು. ಆ ಕಪ್ಪೆ ಬದುಕಿತು. ಆದರೆ ಬೇಲಿಯಾಚೆ ಕಾಂಕ್ರೀಟು ದಾರಿಯುದ್ದಕ್ಕೂ ಮರುಬೆಳಗು ಚಪ್ಪಲಿಯ ಹಳೆಯ ಚರ್ಮದಂತೆ ಸೆಟೆದು ಬಿದ್ದಿದ್ದ ಕಪ್ಪೆಗಳನ್ನು ಕಂಡು ಅವಳಿಗೆ ಅನ್ನ ಸೇರಲಿಲ್ಲ. ಅತ್ತೆ ಕಂಡದ್ದು ಖರೆ. ಹಾಗಾದರೆ ಸುಳ್ಳಾದದ್ದು ಯಾವುದು?

ಗೌರಾ ಊರಿನ ಮಣ್ಣು-ಮಳೆ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಹನಿ ಬಿದ್ದಾಗ ನೆಲ ಹೇಗೆ ಅದುರುತ್ತದೆ ಎಂದು ಅಳೆಯುವುದು ಅವಳ ಕೆಲಸ. ನೆಲದೊಳಗಿನ ಜೀವಿಗಳಿಗೆ ಮಳೆಯ ಸುದ್ದಿ ಮೊದಲು ತಲುಪುವುದು ನೀರಿನಿಂದಲ್ಲ, ಅದುರಿನಿಂದ. ತೇವ ಕೆಳಗಿಳಿಯಲು ಹೊತ್ತು ಬೇಕು. ಹನಿಯ ಬಡಿತ ಕ್ಷಣದಲ್ಲಿ ಮೊಳದಾಳಕ್ಕೆ ಇಳಿಯುತ್ತದೆ. ಅವಳು ಪ್ರಯೋಗಶಾಲೆಯಿಂದ ನೆಲದ ಅದುರನ್ನು ಹಿಡಿಯುವ ಒಂದು ಕೋಲನ್ನು ಚೀಲದಲ್ಲಿ ತಂದು ನುಗ್ಗೆಯ ಬುಡದಲ್ಲಿ ಊರಿದಳು.

ಕೋಲು ಹಿಡಿದು ತಂದದ್ದನ್ನು ಪ್ರಯೋಗಶಾಲೆಯ ಪರದೆಯ ಮೇಲೆ ಬಿಡಿಸಿದಾಗ ಅವಳು ಕುರ್ಚಿಯಿಂದ ಅರ್ಧ ಎದ್ದಳು. ಪ್ರತಿ ಸಂಜೆ, ಸೂರ್ಯ ಮುಳುಗುವಾಗ, ಅವಳ ಹಿತ್ತಲಿನಲ್ಲಿ ಮಳೆ ಸುರಿದಿತ್ತು. ಮಾಳಿಗೆಯ ಮೇಲಿಲ್ಲ, ಎಲೆಯ ಮೇಲಿಲ್ಲ, ನೆಲದೊಳಗೆ ಮಾತ್ರ. ಮೊದಲು ಬಿಡಿ ಹನಿ, ಆಮೇಲೆ ದಟ್ಟ ಹೊಡೆತ, ನಡುವೆ ಗಾಳಿಗೆ ಬಾಗಿ ಮತ್ತೆ ನೆಟ್ಟಗಾಗುವ ಲಯ. ಗೂಟ ನೆಲವನ್ನು ಬಡಿಯುತ್ತಿತ್ತು. ಮನುಷ್ಯನ ಕಿವಿಗೆ ಕೇಳದಷ್ಟು ಮೆಲ್ಲಗೆ, ಕಾಲಿಗೆ ತಾಕದಷ್ಟು ನಾಜೂಕಾಗಿ, ಮಳೆ ಬಂತು ಮಳೆ ಬಂತು ಎಂದು ಬಡಿಯುತ್ತಿತ್ತು. ಗೂಡಿನಲ್ಲಿ ರೆಕ್ಕೆ ಮೂಡಿ ಕಾಯುತ್ತಿದ್ದ ಗೆದ್ದಲು ನಂಬಿ ಹಾರಿ ಬಂದು, ಕೊರೆಯಲು ಹಸಿ ಮಣ್ಣು ಸಿಗದೆ ಸಾಯುತ್ತಿತ್ತು. ಅದರ ಜೊತೆಗೆ ಅದನ್ನು ತಿನ್ನುವ ಮಿರಗದ ಹುಳು, ಕಪ್ಪೆ, ಏನೂ ಸಂಬಂಧವಿಲ್ಲದ ಎರೆಹುಳು, ಎಲ್ಲವೂ.

ಆಮೇಲೆ ಅವಳಿಗೆ ಇನ್ನೊಂದು ಕಂಡಿತು. ದಟ್ಟ ಹೊಡೆತದ ನಡುವೆ ಬೇರೆಯದೇ ಒಂದು ಬಡಿತ. ಒಂದು ಗಟ್ಟಿ, ಒಂದು ಹಗುರ. ಒಂದು ಗಟ್ಟಿ, ಒಂದು ಹಗುರ. ಯಾರೋ ಕುಂಟುತ್ತ ಓಡಿ ಬಂದಂತೆ. ಮರುದಿನದ ದಾಖಲೆಯಲ್ಲೂ ಅದೇ ಜಾಗದಲ್ಲಿ ಅದೇ ಓಟ.

ಒಂದು ಕಾಲು ಎಳೆಯುತ್ತ ಚಹಾ ತಂದ ಕೇಂದ್ರದ ಜವಾನ ಮೌಲಾಸಾಬನನ್ನು ಅವಳು ಕರೆದು ಪರದೆ ತೋರಿಸಿದಳು. “ಮೌಲಾಸಾಬ, ಇದು ಯಾರ ಕಾಲು ಗೊತ್ತಾತೇನು?”

ಆತ ಕನ್ನಡಕ ಏರಿಸಿ ನೋಡಿದ. “ಗೆರಿ ಅದಾವರಿ ಬಾಯಾರ. ಕಾಲೆಲ್ಲಿ?”

“ಇದು ನಿನ್ನ ಕಾಲು. ಆ ವರ್ಷ ನಾ ಜ್ವರದಾಗ ಹೊಲದಾಗ ಕುಂತು ಮಿರಗದ ಮಳಿ ಹಿಡಿಯಾಕತ್ತಿದ್ದೆ. ನೀ ಗೋಣಿಚೀಲದ ಕೊಪ್ಪಿ ಹಿಡಕೊಂಡು ಓಡಿ ಬಂದಿ. ನನ್ನ ತಲಿಗೆ ಹಾಕಿ ನೀ ತೊಯ್ಸಿಕೊಂಡು ಹೋದಿ.”

“ಆ ಕಾಲು ಇಲ್ಲೀತನಕ ನಡಕೋತ ಬಂದಾವೇನ್ರಿ? ನನಗ ಮನೀತನಕ ನಡಿಯಾಕ ಆಗವಲ್ದು,” ಎಂದು ಆತ ನಕ್ಕ.

ಗೌರಾಳಿಗೆ ನಗು ಬರಲಿಲ್ಲ. ಕೇಂದ್ರಕ್ಕೆ ದಾಖಲೆ ಒಪ್ಪಿಸುವಾಗ ಆ ಹೆಜ್ಜೆಗಳನ್ನು ಅಳಿಸಬೇಕಿತ್ತು; ಅಳಿಸಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಜ್ವರದಲ್ಲಿ ಕೂತು ಅವಳು ಹಿಡಿದ ಮಳೆಯನ್ನು ಅವಳಿಗೊಂದು ಮಾತೂ ಹೇಳದೆ ಯಾರೋ ಮಾರಿದ್ದರು. ಮಾರಿದ ಮಳೆ ಅವಳ ಮನೆಯ ಹಿತ್ತಲಿಗೇ ಬಂದು, ಅವಳ ಅತ್ತೆಯನ್ನು ಹುಚ್ಚಿ ಮಾಡಿತ್ತು.

ನೆಲರಕ್ಷೆಯ ಕಂಟ್ರೋಲ್ ರೂಮು ಊರ ಹೊರಗಿನ ಹೊಸ ಕಟ್ಟಡದಲ್ಲಿತ್ತು. ಗೋಡೆಯಷ್ಟಗಲದ ಪರದೆಯ ಮೇಲೆ ಕಾಲನಿಯ ನಕ್ಷೆ. ಒಂದೊಂದು ಹಿತ್ತಲಿಗೂ ಒಂದು ಹಸಿರು ಚುಕ್ಕೆ. ಕೇಂದ್ರದ ನಿರ್ದೇಶಕ ಡಾಕ್ಟರ್ ಮುರಗೋಡರು ಅಲ್ಲೇ ಕಾಫಿ ಕುಡಿಯುತ್ತ ಕೂತಿದ್ದರು. ಕಂಪನಿಯ ಎಂಜಿನಿಯರ್ ನಿಶ್ಚಲ್ ಮೈಸೂರು ಕಡೆಯ ಹುಡುಗ. ಗೌರಾಳ ಮುಖಕ್ಕೆ ಬಿಸಿಲು ಹೊಡೆಯುತ್ತಿದ್ದುದನ್ನು ಕಂಡು ಯಾರೂ ಹೇಳದೆ ಎದ್ದು ಹೋಗಿ ಕಿಟಕಿಯ ಪರದೆ ಎಳೆದು ಬಂದ. ಕೋಪದಲ್ಲಿಯೂ ಅವಳಿಗೆ ಅದು ಕಂಡಿತು.

“ಮೇಡಂ, ಒಂದು ತೊಟ್ಟು ವಿಷ ಇಲ್ಲ,” ಎಂದು ಆತ ಉತ್ಸಾಹದಿಂದ ಶುರುಮಾಡಿದ. “ಮಣ್ಣು ಹಾಳಾಗಲ್ಲ, ನೀರು ಹಾಳಾಗಲ್ಲ. ಗೆದ್ದಲು ತಾನಾಗೇ ಹೊರಗೆ ಬರುತ್ತೆ, ತಾನಾಗೇ ಸಾಯುತ್ತೆ. ನಾವು ಮುಟ್ಟೋದೇ ಇಲ್ಲ.”

“ಯಾವ ಮಳಿ ಬಡಸಾಕತ್ತೀರಿ?”

“ನಿಮ್ಮ ಕೇಂದ್ರದ ದಾಖಲೆ ಮೇಡಂ. ರೋಹಿಣಿ ಅಂತ ಒಂದಿತ್ತು, ಮೃಗಶಿರ ಅಂತ ಒಂದಿತ್ತು. ಮೃಗಶಿರದಲ್ಲಿ ಹೊಡೆತ ಜೋರಾಗಿತ್ತು, ಅದನ್ನ ತಗೊಂಡ್ವಿ.” ಆತ ಸಂಕೋಚದಿಂದ ನಕ್ಕ. “ರೋಹಿಣಿ ಅಂದ್ರೆ ನಿಮ್ಮ ಅಸಿಸ್ಟೆಂಟ್ ಹೆಸರು ಅನ್ಕೊಂಡಿದ್ದೆ.”

ಗೌರಾ ಕಣ್ಣು ಮುಚ್ಚಿ ತೆರೆದಳು. ರೋಹಿಣಿಗೆ ಏಳುವುದು ಗೆದ್ದಲು. ಮಿರಗಕ್ಕೆ ಏಳುವುದು ಇಡೀ ನೆಲ. ಈ ಊರಿನ ಯಾವ ಮುದುಕಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಯಾರೂ ಕೇಳಿರಲಿಲ್ಲ.

“ಸರ್, ಇದು ನನ್ನ ದಾಖಲೆ,” ಎಂದು ಅವಳು ಮುರಗೋಡರ ಕಡೆ ತಿರುಗಿದಳು. “ನನಗ ಒಂದು ಮಾತು ಕೇಳದ ಮಾರಿದ್ರಿ.”

“ಕೇಂದ್ರದ ಆಸ್ತಿರಿ ಅದು. ನಿಮ್ಮದು ಹೆಂಗಾತು? ಮಳಿ ನಿಮ್ಮದೇನು?”

“ಮಳಿ ನಂದಲ್ಲ. ನಿಮ್ಮದೂ ಅಲ್ಲ. ಅದಕ್ಕ ಕೇಳತೇನಿ, ಮಳಿ ಹೆಸರಿಲೆ ಸುಳ್ಳು ಹೇಳಾಕ ನಿಮಗ ಹಕ್ಕು ಯಾರು ಕೊಟ್ರು?”

“ಸುಳ್ಳು ಯಾರಿಗ್ರಿ? ಹುಳಕ್ಕ? ಹುಳ ಬಂದು ನಿಮ್ಮ ಹಂತೇಕ ಫಿರ್ಯಾದಿ ಕೊಟ್ಟಾವೇನು?” ಮುರಗೋಡರು ಕಾಫಿಯ ಕಪ್ಪು ಕೆಳಗಿಟ್ಟರು. “ಪ್ರಯೋಗದ ವರದಿ ಮುಗಿದರ ಯುಗಾದಿಗೆ ಇಡೀ ತಾಲೂಕಿಗೆ ಗೂಟ ಇಳೀತಾವ. ನಮ್ಮ ಕೇಂದ್ರಕ್ಕ ಹೆಸರು ಬರತೈತಿ. ನೀವು ಸಂತೋಷ ಪಡೂದು ಬಿಟ್ಟು—”

“ನಮ್ಮ ಅತ್ತಿ ಆ ಹುಳ ನೋಡಿ ತನ್ನ ತಲಿ ಕೆಟ್ಟೈತಿ ಅಂತ ತಿಳಕೊಂಡಾಳ. ಗುಳಿಗಿ ನುಂಗಸ್ತೀವಿ ಆಕಿಗೆ. ಗೇಟಿಗೆ ಕೀಲಿ ಹಾಕೇವಿ. ನಿಮ್ಮ ವರದಿಯೊಳಗ ಅದಕ್ಕ ಜಾಗ ಐತೇನು?”

“ವಯಸ್ಸಾದವರು ಗೌರಾ ಅವರ. ಗೂಟ ಇಲ್ಲದಿದ್ರೂ ಇವತ್ತಲ್ಲ ನಾಳೆ ಆಗೂದದು.”

ಗೌರಾ ಚೀಲ ಹೆಗಲಿಗೇರಿಸಿದಳು. ಇಪ್ಪತ್ತು ವರ್ಷ ಈ ಮನುಷ್ಯನಿಗೆ ಎದ್ದು ನಿಂತು ನಮಸ್ಕಾರ ಹೇಳಿದ್ದಳು. “ಆಗೂದಾದ್ರ ತಾನಾಗಿ ಆಗಲಿ. ನಿಮ್ಮ ಕೈಯಿಲೆ ಆಗೂದು ಬ್ಯಾಡ,” ಎಂದಳು. ದನಿ ಏರಿತ್ತು. ಪರದೆಯ ಮುಂದೆ ಕೂತವರೆಲ್ಲ ತಿರುಗಿ ನೋಡಿದರು. ಬಾಗಿಲವರೆಗೆ ನಿಶ್ಚಲ್ ಹಿಂದೆಯೇ ಬಂದ. “ಮೇಡಂ, ಅಜ್ಜಿ ಹೆಸರೇನು?” ಎಂದು ಮೆತ್ತಗೆ ಕೇಳಿದ. ಅವಳು ಹೇಳದೆ ಹೊರಟುಹೋದಳು.

ಮನೆಗೆ ಬಂದು ಚೀಲ ಕೂಡ ಇಳಿಸದೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ವಿರೂಪಾಕ್ಷಪ್ಪನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಚಿಕೊಂಡಿತು.

“ನನಗೇನ ಗೊತ್ತಿತ್ತು? ವಿಷ ಇಲ್ಲ ಅಂದ್ರು, ಚಲೋ ಆತು ಅಂದೆ. ಗೂಟ ಕಿತ್ತು ಒಗಿಯೂಣು ನಡಿ.”

“ನಮ್ಮನಿ ಗೂಟ ಕಿತ್ತರ ಉಳಿದ ಹಿತ್ತಲಾ? ಕಿತ್ತರ ನಾಳೆ ಅವರು ಮತ್ತ ಬಂದು ಬಡೀತಾರ. ಮೊದಲ ನಿಮ್ಮ ಅವ್ವಗ ಹೇಳ್ರಿ. ಹುಚ್ಚಿ ಅಂದವರು ನೀವು, ಹುಚ್ಚಿ ಅಲ್ಲ ಅನ್ನೂ ಮಾತೂ ನಿಮ್ಮ ಬಾಯಿಂದನ ಬರಬೇಕು.”

ಹೇಳುವ ಅಗತ್ಯ ಬೀಳಲಿಲ್ಲ. ತೂಕಡಿಸುತ್ತಿದ್ದಾಳೆ ಎಂದು ಇಬ್ಬರೂ ಎಣಿಸಿದ್ದ ತಂಗೆವ್ವ ಪಡಸಾಲೆಯ ಕಂಬಕ್ಕೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಗೌರಾ, ಇನ್ನೊಮ್ಮೆ ಹೇಳು. ನಾ ನೋಡಿದ್ದು ಮಿರಗದ ಹುಳನ?”

“ಹೌದ್ರಿ ಅತ್ತಿ.”

“ಯುಗಾದಿ ಆಗಿಲ್ಲ?”

“ಆಗಿಲ್ಲ. ನೀವು ಏನೂ ಮರತಿಲ್ಲ. ನೆಲಕ್ಕ ಸುಳ್ಳು ಹೇಳಿದ್ರು. ನೆಲ ನಿಮಗ ಹೇಳಿತು.”

ಮಗ ನೆಲ ನೋಡುತ್ತ ನಿಂತಿದ್ದ. ತಾಯಿ ಅಳುತ್ತಾಳೆ, ಇಲ್ಲವೆ ಬಯ್ಯುತ್ತಾಳೆ ಎಂದು ಕಾದ. ತಂಗೆವ್ವ ಎರಡೂ ಮಾಡಲಿಲ್ಲ. ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಆಮೇಲೆ ತಲೆಯೆತ್ತಿದಳು.

“ನನಗರ ನೀ ಬಂದು ಹೇಳಿದಿ. ಆ ಕಪ್ಪಿಗೆ ಯಾರು ಹೇಳಿದ್ರು?”

ಆಕೆ ಮಗನ ಕಡೆ ತಿರುಗಿದಳು.

“ಮನೀಗೆ ಬಂದವರಿಗೆ ಮೊದಲ ಒಂದು ತಂಬಿಗಿ ನೀರು ಕೊಡತೀವಿ. ವೈರಿ ಬಂದ್ರೂ ಕೊಡತೀವಿ, ಆಮ್ಯಾಲೆ ಜಗಳಾಡತೀವಿ. ಇವ್ರು ನೆಲದಾಗ ಮಲಗಿದವ್ರನ್ನ ಬರ್ರಿ ಬರ್ರಿ ಅಂತ ಬಾಗಲಾ ಬಡದು ಎಬ್ಬಿಸಿ, ನೀರಡಿಸಿ ಸಾಯೂದನ್ನ ನಿಂತು ನೋಡತಾರ! ಇದು ಎಲ್ಲಿ ರೀತಿ? ಯಾವ ಮನಿತನದಾಗ ಐತಿ ಇದು?” ಆಕೆಯ ಗಂಟಲಿನ ನರ ಉಬ್ಬಿದ್ದವು. ಇಷ್ಟು ದಿನ ಮಂಕಾಗಿದ್ದ ಕಣ್ಣು ಉರಿಯುತ್ತಿದ್ದವು. “ಕೊಲ್ಲೂದಾದ್ರ ಎದರಿಗೆ ನಿಂತು ಕೊಲ್ಲರಿ. ಕರದು ಕೊಲ್ಲಬ್ಯಾಡರಿ!”

ಹೊತ್ತು ಮುಳುಗುತ್ತಿತ್ತು. ಕಾಲಡಿಯಲ್ಲಿ ಕೇಳದ ಮಳೆ ಶುರುವಾಗಿರಬೇಕು. ತಂಗೆವ್ವ ಅಡುಗೆಮನೆಗೆ ಹೋಗಿ ತಾಮ್ರದ ಕೊಡ ಎತ್ತಲು ನೋಡಿದಳು. ಎತ್ತಲಾಗಲಿಲ್ಲ. ವಿರೂಪಾಕ್ಷಪ್ಪ ಓಡಿ ಬಂದು ಹಿಡಿದುಕೊಂಡ.

“ಯವ್ವಾ, ನಾ ನಿನಗ—”

“ಸಾಕು ಮಾರಾಯಾ. ಆ ಮಾತು ಆಮ್ಯಾಲೆ. ಮೊದಲ ಕೊಡ ಹಿಡಿ.”

ಗೇಟಿನ ಬೀಗ ತೆರೆದು ಗೌರಾ ಹೊರಗೋಡಿದಳು. ನಸೀಮಾ ಮಾತು ಮುಗಿಯುವ ಮೊದಲೇ ಬಕೆಟ್ಟು ತುಂಬಿಕೊಂಡು ಬಂದಳು. ಮೂರನೆಯ ಮನೆಯ ಪಾಟೀಲ ಮಾಸ್ತರ ಗೊಣಗಿದರು. “ಕುಡಿಯೂ ನೀರು ಹುಳಕ್ಕ ಹಾಕ್ತೀರಲ್ಲ, ತಂಗೆವ್ವಾರ!”

“ನೀ ಜಳಕಾ ಮಾಡಿದ ನೀರು ತಾ ಅಪ್ಪಾ. ಅವೇನು ನಿನ್ನ ಹಂಗ ಮೂಗು ಮುರಿಯೂದಿಲ್ಲ.”

ನಕ್ಕವರು ನಕ್ಕರು, ಬಂದವರು ಬಂದರು. ದಾರಿಯ ಮೇಲೆ ಸೆಟೆದು ಬಿದ್ದ ಕಪ್ಪೆಗಳನ್ನು ದಾಟಿ ದಿನಾ ಓಡಾಡಿದವರೇ ಅವರೆಲ್ಲ. ಕಾರಣ ತಿಳಿದ ಮೇಲೆ ಹಲವರಿಗೆ ಮುಖ ತಿರುಗಿಸಿಕೊಳ್ಳಲು ಆಗಲಿಲ್ಲ. ಅಕ್ಕಿ ತೊಳೆದ ನೀರು, ಬಟ್ಟೆ ಜಾಲಾಡಿದ ನೀರು, ನಲ್ಲಿಗೆ ಸಿಕ್ಕಿಸಿದ ಪೈಪು. ಹಿತ್ತಲಿನಿಂದ ಹಿತ್ತಲಿಗೆ ಮಣ್ಣು ಕಪ್ಪಗಾಯಿತು. ಎಷ್ಟೋ ತಿಂಗಳಿಂದ ಕಾದ ನೆಲದ ವಾಸನೆ ಎದ್ದಿತು. ಗೌರಾ ಅಲ್ಲೇ ನಿಂತು ನೋಡಿದಳು. ರೆಕ್ಕೆಯ ಗೆದ್ದಲು ಹಾರಿ, ಇಳಿದು, ರೆಕ್ಕೆ ಕಳಚಿ, ಜೋಡಿಯಾಗಿ ಹಸಿ ಮಣ್ಣನ್ನು ಕೊರೆದು ಒಳಗಿಳಿಯುತ್ತಿತ್ತು. ಕಪ್ಪೆಗಳು ಗಂಟಲುಬ್ಬಿಸಿ ಕೂಗಿದವು. ಗೂಟ ಹೇಳಿದ ಸುಳ್ಳನ್ನು ಮುದುಕಿ ಖರೆ ಮಾಡಿಬಿಟ್ಟಿದ್ದಳು.

ಮರುಸಂಜೆಯೂ ಹಾಗೇ ಮಾಡಿದರು. ಅದರ ಮರುಸಂಜೆ ಕಂಪನಿಯ ಜೀಪು ಬಂತು. ನಿಶ್ಚಲ್ ಇಳಿದ. ಹಿತ್ತಲಿನ ಕೆಸರಿನ ಅಂಚಿಗೆ ಬಂದು ನಿಂತ.

“ಮೇಡಂ, ಏನಿದು? ಗೆದ್ದಲು ಸಾಯೋ ಬದಲು ಹೊಸ ಗೂಡು ಕಟ್ತಿದೆ! ನಕ್ಷೆ ಪೂರ್ತಿ ಕೆಂಪಾಗಿದೆ. ಹೀಗಾದ್ರೆ ಪ್ರಯೋಗ ಸೋತಿದೆ ಅಂತ ಬರೀಬೇಕಾಗುತ್ತೆ.”

“ಬರೀರಿ,” ಎಂದಳು ಗೌರಾ. “ನೀರು ಹಾಕಿದವರು ಯಾರು ಅಂತ ಕೇಳಿದ್ರ ನನ್ನ ಹೆಸರೂ ಬರೀರಿ. ಮುರಗೋಡ ಸಾಹೇಬ್ರು ನನ್ನ ಕೆಲಸಾ ತಗೀತಾರ. ಅದೂ ಗೊತ್ತೈತಿ.”

“ನಿಮ್ಮ ಬಾಗಿಲು ತಿನ್ನುತ್ತೆ ಮೇಡಂ ಇದು!”

ಪೈಪು ಹಿಡಿದಿದ್ದ ವಿರೂಪಾಕ್ಷಪ್ಪ ತಿರುಗಿದ. ಕಾಲನಿಯಲ್ಲೆಲ್ಲ ಬಾಗಿಲಿನ ಚಿಂತೆ ಅವನಿಗೇ ಹೆಚ್ಚಾಗಿತ್ತು. “ತಿಂದ್ರ ಅದು ನಮ್ಮದೂ ಅದರದೂ ಜಗಳ,” ಎಂದ. “ನೀವು ನಡುವ ಬರಬ್ಯಾಡ್ರಿ.”

ತಂಗೆವ್ವ ಕಟ್ಟೆಯ ಮೇಲೆ ಕೂತಿದ್ದಳು. ಎರಡು ದಿನದಿಂದ ಗುಳಿಗೆ ಮುಟ್ಟಿರಲಿಲ್ಲ. ಹುಡುಗನನ್ನು ಬೂಟಿನಿಂದ ತಲೆಯವರೆಗೆ ನೋಡಿದಳು.

“ಗೂಟ ಬಡದಾವ ನೀ ಏನು?”

“ಹೌದಜ್ಜಿ. ನಾನೇ.”

“ನಿಮ್ಮನಿಯಾಗ ಹಿರೇರು ಯಾರದಾರ?”

“ಅಜ್ಜಿ ಇದಾರೆ. ಅಪ್ಪನ ಅಮ್ಮ.”

“ಆಕಿಗೆ ಹೋಗಿ ಹೇಳತೀಯೇನು, ನಾ ಮಾಡೂ ಕೆಲಸಾ ಇದು ಅಂತ? ಮಲಗಿದವ್ರನ್ನ ಮಳಿ ಬಂತು ಅಂತ ಎಬ್ಬಿಸಿ ಬಿಸಲಿಗೆ ಕೊಲ್ಲತೇನಿ ಅಂತ?”

ನಿಶ್ಚಲ್ ಕಣ್ಣು ಕೆಳಗಿಳಿಸಿದ. ಅವನ ಬೂಟಿನ ಪಕ್ಕದಲ್ಲೇ ಒಂದು ಕಪ್ಪೆ, ನೀರು ಇನ್ನೂ ತಲುಪದ ಒಣ ಮೂಲೆಯಲ್ಲಿ ಹೊಟ್ಟೆಯನ್ನು ಮಣ್ಣಿಗೆ ಒತ್ತಿ, ಎತ್ತಿ, ಮತ್ತೆ ಒತ್ತುತ್ತಿತ್ತು. ಆತ ಅದನ್ನು ಬಹಳ ಹೊತ್ತು ನೋಡಿದ. ಕಂಟ್ರೋಲ್ ರೂಮಿನ ನಕ್ಷೆಯಲ್ಲಿ ಕಪ್ಪೆಗೆ ಚುಕ್ಕೆ ಇರಲಿಲ್ಲ.

“ನಿಂತು ಏನು ನೋಡತಿ?” ತಂಗೆವ್ವ ಗದರಿಸಿದಳು. “ಕರದಾವ ನೀ. ಆ ಮೂಲಿಗೆ ನೀನ ನೀರು ಹಾಕು.”

ಹುಡುಗ ಅತ್ತಿತ್ತ ನೋಡಿ, ಬೂಟು ಕಾಲುಚೀಲ ಕಳಚಿ ಕಟ್ಟೆಯ ಪಕ್ಕ ಇಟ್ಟ. ಪ್ಯಾಂಟು ಮಡಚಿದ. ಗೌರಾ ತುಂಬಿದ ಕೊಡವನ್ನು ಅವನ ಕೈಗೆ ಕೊಟ್ಟಳು. ಅಭ್ಯಾಸವಿಲ್ಲದ ಕೈ, ಕೊಡ ಹೊಯ್ದಾಡಿತು. ಆತ ಅದನ್ನು ಎರಡೂ ತೋಳಿನಿಂದ ಎದೆಗವಚಿಕೊಂಡು ಕೆಸರಿನಲ್ಲಿ ಹೆಜ್ಜೆ ಇಡುವಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಕಂಟ್ರೋಲ್ ರೂಮಿನಿಂದಲೇ ಇರಬೇಕು. ನಿಂತಿತು, ಮತ್ತೆ ಶುರುವಾಯಿತು. ಆತ ಅಸಹಾಯಕನಾಗಿ ಅಜ್ಜಿಯ ಕಡೆ ನೋಡಿದ.

“ಬಡಕೊಳ್ಳಲಿ ಬಿಡು,” ಎಂದಳು ತಂಗೆವ್ವ. “ನೀ ಚೆಲ್ಲದಂಗ ನಡಿ.”